ಕೊಲ್ಲೂರಿನಲ್ಲಿ ದಾರಿ ತೋರಿದವರು

ಕಳೆದ ಮಾರ್ಗಶಿರದಲ್ಲಿ ನಾವು ಸಕುಟುಂಬರಾಗಿ ಕೊಲ್ಲೂರಿಗೆ ಹೋಗಿದ್ದೆವು. ಬೈಂದೂರಿನಲ್ಲಿ ರೈಲಿನಿಂದಿಳಿದು, ಕಾಡಿನ ನಡುವಣ ದಾರಿಯಲ್ಲಿ ಬಸ್ಸಿನಲ್ಲಿ ಸಾಗಿ, ಸೌಪರ್ಣಿಕೆಯಲ್ಲಿ ಮಿಂದು ಮೂಕಾಂಬಿಕೆಯ ಗುಡಿಯ ಬಳಿಗೆ ಬಂದಾಗ, ಆ ಊರಿನ ಹಿರಿಯರೊಬ್ಬರು ಸ್ಥಳವನ್ನು ತೋರಿಸಲು ಮುಂದಾದರು.

ಜೊತೆಯಲ್ಲಿದ್ದ ನಮ್ಮ ಅತ್ತೆಯವರಿಗೆ ಕಿವಿ ಮಂದ. ಹಿಂದೊಮ್ಮೆ ಬೇರೊಂದು ಕ್ಷೇತ್ರದಲ್ಲಿ, ದಾರಿ ತೋರಿಸುವವನೊಬ್ಬನು ಬಾಯಿಪಾಠ ಒಪ್ಪಿಸುತ್ತ ಮುಂದೆ ಮುಂದೆ ನಡೆದುಬಿಡಲು, ಅವರು ಜನಜಂಗುಳಿಯಲ್ಲಿ ಹಿಂದುಳಿದು ಕಣ್ಣೀರಿಟ್ಟಿದ್ದರು. ಇದೇ ತಮ್ಮ ಕೊನೆಯ ಯಾತ್ರೆಯೆಂದು ಹೇಳಿಯೇ ಈ ಸಲ ಹೊರಟಿದ್ದರು.

ಈ ಹಿರಿಯರು ಮೊದಲು ಹೇಳತೊಡಗಲಿಲ್ಲ, ಕೇಳಿದರು. "ಎಲ್ಲಿಂದ ಬಂದದ್ದು ಅಮ್ಮ? ಮುಂಚೆ ಬಂದದ್ದುಂಟೋ?" ಅತ್ತೆಯವರು ತಡವರಿಸಿದುದನ್ನು ಕಂಡು ಸಂಗತಿಯನ್ನರಿತರು. ವಾದ್ಯದ ಸದ್ದಿಗೆ ದೂರವಾಗಿ ನಿಂತು, ತಮ್ಮ ಮುಖ ಅವರಿಗೆ ಕಾಣುವಂತೆ ತಿರುಗಿ, ನಿಧಾನವಾಗಿ ಮಾತನಾಡಿದರು. ಗರ್ಭಗುಡಿಯ ಜ್ಯೋತಿರ್ಲಿಂಗದಲ್ಲಿ ಸ್ವರ್ಣರೇಖೆಯೊಂದುಂಟೆಂದೂ, ಅದರ ಒಂದು ಪಾರ್ಶ್ವದಲ್ಲಿ ತ್ರಿಮೂರ್ತಿಗಳು, ಮತ್ತೊಂದರಲ್ಲಿ ಶಕ್ತಿದೇವಿಯರು ಇರುವರೆಂಬ ನಂಬುಗೆಯುಂಟೆಂದೂ, ಅಂಗೈಯ ಮೇಲೆ ಗೆರೆಯೆಳೆದು ಹೊರಗೆಯೇ ತಿಳಿಸಿದರು. ಒಳಗೆ ಹೋದಮೇಲೆ ಒಂದು ಮಾತೂ ಇಲ್ಲ. ನೋಡುವುದನ್ನು ನಮಗೇ ಬಿಟ್ಟರು. ಸರಸ್ವತೀ ಮಂಟಪದಲ್ಲಿ ಮಗುವಿಗೆ ಅಕ್ಷರಾರಂಭ ಮಾಡಿಸಲು ಬಂದ ಕೇರಳದ ದಂಪತಿಗಳು ಏನನ್ನೋ ಕೇಳಲು, ಮಲಯಾಳದಲ್ಲಿ ಉತ್ತರವಿತ್ತು, ಅದೇನೆಂಬುದನ್ನು ನಮಗೂ ಕನ್ನಡದಲ್ಲಿ ಹೇಳಿದರು.

ಬಳಿಕ 1343 ಮೀಟರ್ ಎತ್ತರದ ಕೊಡಚಾದ್ರಿಯ ಕಡೆಗೆ ಕೈದೋರಿ ಐತಿಹ್ಯವನ್ನು ವಿವರಿಸಿದರು. ಅಲ್ಲಿ ತಪಸ್ಸು ಮಾಡಿದ ಶಂಕರಾಚಾರ್ಯರನ್ನು ದೇವಿಯು ಹಿಂಬಾಲಿಸಿ ಬಂದಳಂತೆ. ಅವರು ತಿರುಗಿ ನೋಡಬಾರದೆಂದು ನಿಬಂಧನೆ. ಇಲ್ಲಿ ಕಾಲ್ಗೆಜ್ಜೆಯ ಸದ್ದು ನಿಲ್ಲಲು ಆಚಾರ್ಯರು ತಿರುಗಿದರು. ದೇವಿ ಇಲ್ಲಿಯೇ ನೆಲಸಿದಳು.

"ತಿಳಿಯಿತೇ?" ಎಂದು ಅವರು ಕೇಳಲಿಲ್ಲ. "ಯಾವ ಸದ್ದು ನಿಂತದ್ದು ಅಮ್ಮ?" ಎಂದರು. ಅತ್ತೆಯವರು ನಗುತ್ತ, "ಗೆಜ್ಜೆ!" ಎಂದರು. ಆಗ ಅವರು, "ಆಚಾರ್ಯರು ತಿರುಗಬಾರದಿತ್ತು, ನಾವಾದರೋ ತಿರುಗಿ ತಿರುಗಿ ನೋಡುತ್ತಲೇ ಇರಬೇಕು" ಎಂದರು.

ವಾಚಕರೇ, ಸ್ಥಳವನ್ನು ತೋರಿಸುವವರ ವಿದ್ಯೆಯೆಲ್ಲ ಈ ಮಾತಿನಲ್ಲಿದೆ. ಹೇಳುವವನೂ ಹೇಳುವ ವಿಷಯವೂ ಇದ್ದ ಮಾತ್ರಕ್ಕೆ ಸಾಲದು. ಕೇಳುವವನ ಮನಸ್ಸಿನಿಂದ ಮರುದನಿಯೊಂದು ಬರಬೇಕು. ನೆಂಟರಿಗೆ ನಮ್ಮೂರನ್ನು ತೋರಿಸುವಾಗ ನಾವೂ ಇದನ್ನು ನೆನೆಯುವುದೊಳ್ಳೆಯದು.

ಹಿಂದಿರುಗುವಾಗ ರೈಲಿನಲ್ಲಿ ಅತ್ತೆಯವರು ಗೆಜ್ಜೆಯ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ ಮುಗಿಸಿ, ನಮ್ಮ ಕಡೆಗೆ ತಿರುಗಿ, "ಬರುವ ವರ್ಷ ಯಾವ ಕ್ಷೇತ್ರಕ್ಕೆ?" ಎಂದು ಕೇಳಿದರು.