ಇನಿಷಿಯಲ್ಲಿನಲ್ಲಿ ಉಳಿದ ಊರು

ಜಯನಗರದ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳ ಗೇಟಿನ ಮೇಲಿನ ಹೆಸರುಗಳನ್ನು ಓದುತ್ತ ಹೋದರೆ ಅರ್ಧ ಹಳೇ ಮೈಸೂರು ಸುತ್ತಿ ಬಂದಂತಾಗುತ್ತದೆ. ಮೊದಲ ಅಕ್ಷರ ಸಾಮಾನ್ಯವಾಗಿ ಊರು, ಎರಡನೆಯದು ಅಪ್ಪ. ‘ಎಚ್’ ಎಂದರೆ ಹಾಸನವೋ, ಹುಲಿಯೂರುದುರ್ಗವೋ, ಮನೆಯವರನ್ನೇ ಕೇಳಬೇಕು. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರದು ಗೌರಿಬಿದನೂರು ತಾಲ್ಲೂಕಿನ ಹೊಸೂರು.

ಆ ಊರಿನಲ್ಲೇ ಹುಟ್ಟಿರಬೇಕೆಂದೇನಿಲ್ಲ. ಡಿವಿಜಿ ಹುಟ್ಟಿದ್ದು ಮುಳಬಾಗಿಲಿನಲ್ಲಿ; ‘ಡಿ’ ಮಾತ್ರ ದೇವನಹಳ್ಳಿ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯವರು, ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಜೆ.ಪಿ. ನಗರದಲ್ಲಿ ನೆಲೆಸಿದ್ದ ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಮಾಥೇರಾನಿನಲ್ಲಿ. ಕಾರ್ನಾಡು ಮೂಲ್ಕಿಯ ಮಗ್ಗುಲಲ್ಲಿದೆ. ದೂರದ ಡೆನ್ಮಾರ್ಕಿನಲ್ಲೂ ಇದೇ ಕಥೆ. ತತ್ತ್ವಜ್ಞಾನಿ ಕೀರ್ಕೆಗಾರ್ಡ್ ಹುಟ್ಟಿದ್ದು ಕೋಪನ್‌ಹೇಗನ್ನಿನಲ್ಲಿ, ಮನೆತನದ ಹೆಸರು ಬಂದದ್ದು ಜಟ್ಲೆಂಡಿನ ಚರ್ಚೊಂದರ ಪಕ್ಕದ ಹೊಲಮನೆಯಿಂದ.

ತಮಾಷೆಯೆಂದರೆ, ಹೀಗೆ ಊರು ಹೊತ್ತು ಬಂದವರಿಗೆ ಜಾಗ ಕೊಟ್ಟ ಇಲ್ಲಿನ ಹಳ್ಳಿಗಳೇ ಇನಿಷಿಯಲ್ಲುಗಳಾಗಿಬಿಟ್ಟವು! ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿ.ಟಿ.ಎಂ. ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರುಗಳಿಗೆ ಕೆರೆಯಾದರೂ ಉಳಿದಿದೆ. ಹೆಸರು ಹೇಳಲು ಅಷ್ಟು ಸಾಕು. ಬಿ.ಟಿ.ಎಂ.ನಲ್ಲಿ ಬಾಡಿಗೆಗಿರುವ ಹುಡುಗರಿಗೆ ‘ಟಿ’ ಎಂದರೇನೆಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ಅವರ ಸ್ವಂತ ಅಕ್ಷರದ ಪ್ರಶ್ನೆ ಏಳುವುದು ಪಾಸ್‌ಪೋರ್ಟ್ ಅರ್ಜಿ ತುಂಬುವಾಗ. ಅಲ್ಲಿ ಇನಿಷಿಯಲ್ ಸಾಲದು, ಬಿಡಿಸಿ ಬರೆಯಬೇಕು. “ತಾತ, ನಮ್ಮ ‘ಕೆ’ ಅಂದ್ರೆ ಯಾವೂರು?” ಎಂದು ಆಗ ಫೋನು ಹೋಗುತ್ತದೆ. ಹೇಳುವ ತಾತ ಇಲ್ಲದ ಮನೆಗಳಲ್ಲಿ ಆ ಅಕ್ಷರವನ್ನೇ ಕೈಬಿಟ್ಟು, ಅಪ್ಪನ ಹೆಸರನ್ನು ಅಡ್ಡಹೆಸರಾಗಿ ಬರೆದು ಅರ್ಜಿ ಮುಗಿಸುತ್ತಾರೆ.