ಫೋರ್ಟಿನ ಹೋಟೆಲು, ಫೋರ್ಟಿನ ರಾತ್ರಿ ಶಾಲೆ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮುಂಬಯಿಗೆ ಬಂದಾಗ ಫೋರ್ಟಿನ ಹೋಟೆಲು ಹುಡುಗರಿಗೆ ಬೇರೆ ಮನೆ ಇರಲಿಲ್ಲ. ರಾತ್ರಿ ಷಟರ್ ಎಳೆದ ಮೇಲೆ ಮೇಜುಗಳನ್ನು ಜೋಡಿಸಿ ಚಾಪೆ ಹಾಸುತ್ತಿದ್ದೆವು. ಅಡುಗೆ ಭಟ್ಟರು ನಸುಕಿನಲ್ಲಿ ಒಲೆ ಹೊತ್ತಿಸುವ ಹೊತ್ತಿಗೆ ಚಾಪೆ ಮಡಚಿ ಅಟ್ಟಕ್ಕೆ ಹಾಕಬೇಕು. ಸಂಬಳವೂ ಕೈಗೆ ಬರುತ್ತಿರಲಿಲ್ಲ. ಧಣಿಗಳ ಪುಸ್ತಕದಲ್ಲಿ ಜಮೆಯಾಗುತ್ತಿತ್ತು, ಊರಿಗೆ ಮನಿಯಾರ್ಡರನ್ನೂ ಅವರೇ ಕಳಿಸುತ್ತಿದ್ದರು. ಗ್ಲಾಸು ತೊಳೆಯುವವನು ಮೇಜು ಒರೆಸುವವನಾಗಿ, ಅವನು ಸಪ್ಲೈಯರ್ ಆಗಿ, ಅದೃಷ್ಟವಿದ್ದರೆ ಗಲ್ಲೆಯಲ್ಲಿ ಕೂರುವುದು. ಹುಡುಗರ ಕನಸು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತಿತ್ತು.

ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ನಮಗಿಂತ ಎಷ್ಟೋ ಮೊದಲು ಬಂದವರಿದ್ದರು. ಮಾಟುಂಗದಲ್ಲಿ ರಾಮ ನಾಯಕರು ಬೋರ್ಡಿಂಗ್ ತೆರೆದದ್ದು 1942ರಲ್ಲಿ. ನಮ್ಮ ತಲೆಮಾರನ್ನು ಬಸ್ಸು ಹತ್ತಿಸಿದ ಕಾರಣಗಳಲ್ಲಿ 1974ರ ಭೂಸುಧಾರಣೆಯೂ ಒಂದು. ಗೇಣಿ ಭೂಮಿ ಕೈತಪ್ಪಿದ ಗುತ್ತಿನ ಮನೆಗಳ ಹುಡುಗರು ಬಂದರು. ಭೂಮಿ ಸಿಕ್ಕಿದ ಒಕ್ಕಲು ಮನೆಗಳಲ್ಲೂ ಐದಾರು ಮಕ್ಕಳಿಗೆ ಆ ಗದ್ದೆ ಸಾಲದೆ ಒಬ್ಬಿಬ್ಬರು ಹೊರಟರು. ಊರಿನಲ್ಲಿ ಒಂದೇ ಜಗಲಿಯಲ್ಲಿ ಕೂರದವರ ಮಕ್ಕಳು ಇಲ್ಲಿ ಒಂದೇ ಮೋರಿಯ ಬುಡದಲ್ಲಿ ಕಪ್ಪು ಬಸಿ ತೊಳೆದರು. ಊರು ನೂರು ವರ್ಷದಲ್ಲಿ ಮಾಡಲಾಗದ್ದನ್ನು ಹೋಟೆಲು ಒಂದು ಮಳೆಗಾಲದಲ್ಲಿ ಮಾಡಿತು ಎಂದು ಈಗಲೂ ನಂಬಿದ್ದೇನೆ.

ನಮ್ಮ ಬದುಕನ್ನು ನಿಜವಾಗಿ ತಿರುಗಿಸಿದ್ದು ರಾತ್ರಿ ಶಾಲೆ. ಮೊಗವೀರರು, ಬಿಲ್ಲವರು, ಬಂಟರು, ಹೀಗೆ ಒಂದೊಂದು ಸಮಾಜದ ಹಿರಿಯರು ಸಂಘ ಕಟ್ಟಿಕೊಂಡಿದ್ದರು. ಕೆಲವರು ಕನ್ನಡ ಮಾಧ್ಯಮದ ರಾತ್ರಿ ಹೈಸ್ಕೂಲುಗಳನ್ನೂ ನಡೆಸುತ್ತಿದ್ದರು. ಹಗಲು ಬೇರೆ ಮಕ್ಕಳು ಕೂತ ಬೆಂಚುಗಳಲ್ಲಿ ಸಂಜೆ ಆರೂವರೆಗೆ ನಾವು ಕೂರುತ್ತಿದ್ದೆವು. ಬೆರಳುಗಳು ಸೋಡಾಪುಡಿ ತಿಂದು ಬಿಳಿಚಿ ಸುಕ್ಕಾಗಿರುತ್ತಿದ್ದವು. ಅಂಗಿಗೆ ಸಾಂಬಾರಿನ ವಾಸನೆ. ಬೀಜಗಣಿತದ ನಡುವೆ ಯಾರಾದರೂ ತೂಕಡಿಸಿದರೆ ನಮ್ಮ ಮೇಷ್ಟ್ರು ಬೈಯುತ್ತಿರಲಿಲ್ಲ, ಪಕ್ಕದವನಿಗೆ "ಅವನ ಪುಸ್ತಕದಲ್ಲೂ ನೀನೇ ಬರೆದುಬಿಡು" ಎನ್ನುತ್ತಿದ್ದರು. ಅವರೂ ಹಗಲು ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ ಬಂದವರು. ಒಂಬತ್ತೂವರೆಗೆ ಗಂಟೆ ಹೊಡೆದ ಮೇಲೆ ಹೋಟೆಲಿಗೆ ಓಡಿ ದೊಡ್ಡ ಪಾತ್ರೆಗಳನ್ನು ತಿಕ್ಕಬೇಕಿತ್ತು.

ಎಲ್ಲ ಧಣಿಗಳೂ ಹುಡುಗರನ್ನು ಶಾಲೆಗೆ ಬಿಡುತ್ತಿರಲಿಲ್ಲ. ಸಂಜೆಯ ಗಿರಾಕಿಯ ಹೊತ್ತಿನಲ್ಲಿ ಒಬ್ಬ ಕಡಿಮೆಯಾದರೆ ನಷ್ಟ ಅವರದ್ದೇ. ಆದರೂ ಬಿಟ್ಟವರು ಬಹಳ ಮಂದಿ. ಅವರಲ್ಲಿ ಕೆಲವರು ತಾವೂ ರಾತ್ರಿ ಶಾಲೆಯಲ್ಲಿ ಓದಿದವರಾಗಿದ್ದರು. ಹಾಗೆ ಎಸ್ಸೆಸ್ಸಿ ಮುಗಿಸಿದ ನನ್ನ ಜೊತೆಯವರು ಬ್ಯಾಂಕು ಸೇರಿದರು, ಪೊಲೀಸರಾದರು, ವಕೀಲರಾದರು. ನಾನು ಒಂದು ಕಂಪನಿಯಲ್ಲಿ ಟೈಪಿಸ್ಟ್ ಆದೆ.

ಹೋಟೆಲಿನಲ್ಲೇ ಉಳಿದವರಲ್ಲೂ ಹಲವರು ಏರಿದರು. ಬಹಳಷ್ಟು ಮಂದಿಯ ದಾರಿ ಒಂದೇ ತೆರನದ್ದು. ಮೊದಲು ನಾಲ್ಕೈದು ಜನ ಸೇರಿ ಘಾಟ್ಕೋಪರಿನಲ್ಲೋ ಮುಲುಂಡಿನಲ್ಲೋ ಒಂದು ಖೋಲಿ, ಆಮೇಲೆ ರೇಷನ್ ಕಾರ್ಡು, ಮದುವೆ. ಹೆಂಡತಿ ಊರಿನಿಂದ ಬಂದ ಮೇಲೆ ಮನಿಯಾರ್ಡರಿನ ಮೊತ್ತ ಇಳಿಯಿತು. ಊರಿನ ಮನೆಯಲ್ಲಿ ಅದಕ್ಕೆ ಬೇಸರವೂ ಆಯಿತು. ಮುಂದೆ ಒಂದು ಹೋಟೆಲಿನಲ್ಲಿ ನಾಲ್ಕಾಣೆ ಪಾಲು. ಸಾಲಕ್ಕೆ ಅಡವಿಡಲು ಏನೂ ಇಲ್ಲದವರನ್ನು ಆಗ ಕೈಹಿಡಿದದ್ದು ನಮ್ಮವರೇ ಕಟ್ಟಿದ ಬ್ಯಾಂಕುಗಳು. ಮೊಗವೀರ ಬ್ಯಾಂಕು 1946ರದ್ದು, ಬಿಲ್ಲವರ ಭಾರತ್ ಬ್ಯಾಂಕು 1978ರದ್ದು.

ಸಂಘಗಳ ಸನ್ಮಾನ ಸಮಾರಂಭಗಳಲ್ಲಿ ಏರಿದವರ ಕಥೆಯನ್ನಷ್ಟೇ ಹೇಳುತ್ತಾರೆ. ಏರದವರೂ ಇದ್ದರು. ಪರೇಲ್, ಲಾಲ್‌ಬಾಗಿನ ಹೋಟೆಲುಗಳಲ್ಲಿ ಮಿಲ್ ಕಾರ್ಮಿಕರು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಮುಷ್ಕರ ಹೂಡಿದರು. ಅದು ಮುರಿದುಬಿದ್ದಾಗ ಬಾಕಿ ವಸೂಲಾಗದೆ ಮುಚ್ಚಿದ ಹೋಟೆಲುಗಳನ್ನು ನಾನೇ ನೋಡಿದ್ದೇನೆ. ಬದುಕಿಡೀ ಸಪ್ಲೈಯರ್ ಆಗಿದ್ದು ಕಾಲಿನ ನರ ಉಬ್ಬಿಸಿಕೊಂಡು, ಪಿಂಚಣಿ ಇಲ್ಲದೆ, ಖೋಲಿಯೂ ಇಲ್ಲದೆ ಊರಿಗೆ ಮರಳಿದವರಿದ್ದಾರೆ. ನಗರದಲ್ಲಿ ಕಳೆದ ವರ್ಷಗಳು ಅವರಿಗೆ ಏನನ್ನೂ ಕೂಡಿಹಾಕಲಿಲ್ಲ. ನಮಗೂ ಅವರಿಗೂ ಇದ್ದ ವ್ಯತ್ಯಾಸ ಬುದ್ಧಿಯದ್ದಲ್ಲ. ಸಂಜೆ ಬಿಡುವ ಧಣಿ ಸಿಕ್ಕಿದನೋ ಇಲ್ಲವೋ ಎಂಬುದಷ್ಟೇ.

ಮಕ್ಕಳ ಕಾಲದಲ್ಲಿ ಎಲ್ಲವೂ ಬೇಗ ಬದಲಾಯಿತು. ಅವರು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ. ನನ್ನ ಮಗಳು ಕನ್ನಡವನ್ನು ಆಡಬಲ್ಲಳು, ಓದಲಾರಳು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲಾರಂಭಿಸಿದ ಮೇಲೆ ಊರು ಒಂದು ರಾತ್ರಿಯ ಹಾದಿಯಾಯಿತು. ಅಷ್ಟರಲ್ಲಿ ಊರಿಗೆ ಹೋಗುವ ಕಾರಣಗಳೇ ಬೇರೆಯಾಗಿದ್ದವು: ನಾಗನಿಗೆ ತನು, ದೈವದ ಕೋಲ, ಬ್ರಹ್ಮಕಲಶಕ್ಕೆ ಮುಂಬಯಿ ಸಮಿತಿಯ ದೇಣಿಗೆ. ಒಂದು ಕಾಲದಲ್ಲಿ ಊರಿನ ಮನೆಯ ಹಂಚಿಗೆ ದುಡ್ಡು ಕಳಿಸಿದವರು ಈಗ ದೇವಸ್ಥಾನದ ಗೋಪುರಕ್ಕೆ ಕಳಿಸುತ್ತಾರೆ. ಹೋಟೆಲಿಗೆ ಮಾತ್ರ ಮಕ್ಕಳು ಕಾಲಿಡುವುದಿಲ್ಲ. ಎಷ್ಟೋ ಮಾಲೀಕರು ಹೋಟೆಲನ್ನು ಕಂಡಕ್ಟಿಂಗಿಗೆ ಕೊಟ್ಟು ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ.

ಊರಿನ ಹುಡುಗರು ಬರುವುದು ನಿಂತಾಗ ರಾತ್ರಿ ಶಾಲೆಗಳ ಬೆಂಚುಗಳೂ ಖಾಲಿಯಾದವು, ಶಾಲೆಗಳು ಒಂದೊಂದಾಗಿ ಮುಚ್ಚಿದವು. ಊರಿನಲ್ಲೇ ಓದು, ಊಟ ಸಿಕ್ಕಿದ್ದರಿಂದ ಹೀಗಾಯಿತು. ಅದಕ್ಕೆ ನನಗೆ ದುಃಖವಿಲ್ಲ. ಎದೆಯಲ್ಲಿ ಚುಚ್ಚುವುದು ಬೇರೆ. ಇಂದು ಅದೇ ಮೋರಿಗಳ ಬಳಿ ನಿಂತಿರುವವರು ಒಡಿಶಾ, ಬಿಹಾರ, ನೇಪಾಳದ ಹುಡುಗರು. ಮಲಗುವುದು ಅದೇ ಮೇಜುಗಳ ಮೇಲೆ. ದುಡ್ಡನ್ನು ಮೊಬೈಲಿನಲ್ಲಿ ಮನೆಗೆ ಕಳಿಸುತ್ತಾರೆ ಎಂಬುದೊಂದು ಬಿಟ್ಟರೆ ನಮ್ಮದೇ ಬದುಕು. "ಇವರು ಬಂದು ಮುಂಬಯಿ ಕೆಟ್ಟಿತು" ಎಂದು ನಮ್ಮವರೇ ಹೇಳುವುದನ್ನು ಮದುವೆ ಮನೆಗಳಲ್ಲಿ ಕೇಳಿದ್ದೇನೆ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸತರಲ್ಲಿ ದಕ್ಷಿಣದವರ ಮೇಲೆ ಎದ್ದ ಕೂಗನ್ನು, ಉಡುಪಿ ಹೋಟೆಲುಗಳ ಗಾಜು ಒಡೆದದ್ದನ್ನು ನಮ್ಮ ಹಿರಿಯರು ಕಣ್ಣೀರಿಟ್ಟು ಹೇಳುತ್ತಿದ್ದರು. ಅದನ್ನು ಕೇಳಿ ಬೆಳೆದವರ ಬಾಯಲ್ಲಿ ಈ ಮಾತು ಬರಬಾರದು.

ನಮ್ಮ ಸಂಘಗಳಿಗೆ ಈಗ ಹವಾನಿಯಂತ್ರಿತ ಸಭಾಗೃಹಗಳಿವೆ, ಠೇವಣಿ ಇದೆ, ನಿವೃತ್ತರಾದ ಶಿಕ್ಷಕರಿದ್ದಾರೆ. ಈ ಹುಡುಗರಿಗೆ ಹಿಂದಿಯಲ್ಲಿ ಲೆಕ್ಕವನ್ನೂ ಒಂದಿಷ್ಟು ಇಂಗ್ಲಿಷನ್ನೂ ಕಲಿಸಲು ಇದಕ್ಕಿಂತ ಹೆಚ್ಚೇನೂ ಬೇಡ. ಈ ಮಾತನ್ನು ಸಭೆಯೊಂದರಲ್ಲಿ ಎತ್ತಿದಾಗ, ನಾನು ಗ್ಲಾಸು ತೊಳೆದ ದಿನಗಳಿಂದಲೂ ಜೊತೆಗಿದ್ದ ಗೆಳೆಯ, ಈಗ ಎರಡು ಹೋಟೆಲುಗಳ ಮಾಲೀಕ, "ಮೇಷ್ಟ್ರನ್ನು ನೀನು ಹುಡುಕು ಮಾರಾಯ, ಹುಡುಗರನ್ನು ಸಂಜೆ ನಾನು ಬಿಡುತ್ತೇನೆ" ಎಂದ. ಇಬ್ಬರು ಮೇಷ್ಟ್ರು ಒಪ್ಪಿದ್ದಾರೆ. ಜಾಗಕ್ಕಾಗಿ ಸಂಘಕ್ಕೆ ಅರ್ಜಿ ಕೊಟ್ಟಿದ್ದೇವೆ.