ಎರೆಮಣ್ಣಿನ ಹಾದಿ

ನಾವು ಶಿವಮೊಗ್ಗದವರು ಮಲೆನಾಡಿನ ಸೆರಗಿನಲ್ಲಿರುವವರು. ನಮ್ಮ ಕಣ್ಣಳತೆ ಅಡಿಕೆ ತೋಟದ ತನಕ, ಗುಡ್ಡದ ತನಕ, ಹೆಚ್ಚೆಂದರೆ ತುಂಗೆಯ ಆಚೆ ದಡದ ತನಕ. ಸಮಾಜ ಪಾಠ ಹೇಳುವ ನಾನು ವರ್ಷವರ್ಷವೂ ಮಕ್ಕಳಿಗೆ ಅಮೆರಿಕದ ಪ್ರೇರಿ ಬಯಲನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ನಮ್ಮ ನಾಡಿನದೇ ಎರೆಬಯಲನ್ನು ಕಣ್ತುಂಬ ನೋಡುವ ಯೋಗ ಒದಗಿದ್ದು ಮಾತ್ರ 2024ರ ಡಿಸೆಂಬರ್ ಕೊನೆಯಲ್ಲಿ, ಉಳಿದಿದ್ದ ಎರಡು ಸಿ.ಎಲ್. ದಯೆಯಿಂದ.

ಹೊರಟವರು ಐದು ಜನ ಹೆಂಗಸರು. ನಾವು ನಾಲ್ವರು ಟೀಚರುಗಳು, ಜೊತೆಗೆ ನಿವೃತ್ತರಾದ ಭದ್ರಾವತಿಯ ಅಕ್ಕ. “ಗಂಡಸರು ಯಾರೂ ಇಲ್ವಾ?” ಎಂದು ಮನೆಮನೆಯಲ್ಲೂ ಕೇಳಿದರು. “ಡ್ರೈವರ್ ಇದ್ದಾನಲ್ಲ” ಎಂದೆವು!

ಅಕ್ಕನ ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ. ಕಾರ್ಖಾನೆಯ ನೌಕರನನ್ನು ಮದುವೆಯಾಗಿ ಭದ್ರಾವತಿಗೆ ಬಂದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಲಮಟ್ಟಿ ಅಣೆಕಟ್ಟನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ಆ ಹಳ್ಳಿ ನೀರಿನ ಅಡಿಯಲ್ಲಿತ್ತು. ಈಗ ಯಜಮಾನರೂ ಇಲ್ಲ. ಬೆಂಗಳೂರಿನ ಮಗ, ಭದ್ರಾವತಿಯ ಮನೆ ಮಾರಿ ಬಂದುಬಿಡು ಎನ್ನುತ್ತಿದ್ದ. “ಬರೋದೋ ಬಿಡೋದೋ ಆಮೇಲೆ ಹೇಳ್ತೀನಿ. ಮೊದಲು ಒಂದು ಸಲ ಆ ನೀರು ನೋಡಬೇಕು” ಎಂದು ಅಕ್ಕ ನಮ್ಮ ಜೊತೆ ಹೊರಟಿದ್ದರು.

ಚಿತ್ರದುರ್ಗದ ಕಲ್ಲುಗುಡ್ಡಗಳು ಹಿಂದೆ ಸರಿದು, ಕೂಡ್ಲಿಗಿ ದಾಟಿ ಹೊಸಪೇಟೆ ಸೇರಿದೆವು. ನಮ್ಮೂರ ತುಂಗೆ, ಅವರೂರ ಭದ್ರೆ ಕೂಡಲಿಯಲ್ಲಿ ಒಂದಾಗಿ, ನಮಗಿಂತ ಮೊದಲೇ ಬಂದು ಅಲ್ಲಿ ಕಾದಿದ್ದವು. ಆ ವರ್ಷದ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ಸುದ್ದಿಯನ್ನು ಟೀವಿಯಲ್ಲಿ ನೋಡಿ ಹೌಹಾರಿದ್ದವರು ನಾವು. ಜಲಾಶಯದಲ್ಲಿ ನೀರು ಕಂಡು ಮನಸ್ಸು ತಣ್ಣಗಾಯಿತು.

ಆ ರಾತ್ರಿ ಇಳಕಲ್ಲಿನಲ್ಲಿ ತಂಗಿದೆವು. ಸೀರೆ ಕೊಳ್ಳದೆ ಬರುವುದುಂಟೇ? ಕೆಂಪು ಟೋಪ್ ತೆನಿ ಸೆರಗಿನ ಮುಂದೆ ನಮ್ಮ ಗಣಿತದ ಟೀಚರಿನ ಲೆಕ್ಕವೇ ತಪ್ಪಿತು. ಮರುದಿನ ಅಮೀನಗಡದ ಕರದಂಟು ಮೆಲ್ಲುತ್ತ ಬಾಗಲಕೋಟೆಯತ್ತ ಸಾಗುವಾಗ ಒಂದು ಸಂಗತಿ ಗಮನಿಸಿದೆ. ಶಿವಮೊಗ್ಗ ಬಿಡುವಾಗ “ಬರ್ತೀನಿ, ಹೋಗ್ತೀನಿ” ಎನ್ನುತ್ತಿದ್ದ ಅಕ್ಕ ಈಗ “ಬರ್ತೀನ್ರಿ, ಹೋಗ್ತೀನ್ರಿ” ಎನ್ನತೊಡಗಿದ್ದರು. ಅವರಿಗೇ ಅದರ ಪರಿವೆ ಇರಲಿಲ್ಲ.

ಕೊರ್ತಿ-ಕೊಲ್ಹಾರ ಸೇತುವೆಯ ಬಳಿ ವ್ಯಾನು ನಿಲ್ಲಿಸಿದೆವು. ಎಲ್ಲಿ ನೋಡಿದರೂ ಕೃಷ್ಣೆಯ ಹಿನ್ನೀರು. ಅಕ್ಕ ಅಳಲಿಲ್ಲ. ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದರು. ಅದರಲ್ಲಿ ಭದ್ರೆಯ ನೀರು. ನಮ್ಮಲ್ಲೊಬ್ಬಳು, “ಅಕ್ಕಾ, ಭದ್ರೆ ಹೇಗೂ ಕರ್ನೂಲಿನ ಆಚೆ ಕೃಷ್ಣೆಯನ್ನೇ ಸೇರುತ್ತಲ್ಲ” ಎಂದಳು. “ಸೇರ್ತಾಳ, ಆದ್ರ ನಮ್ಮೂರ ದಾಟಿ ಎಷ್ಟೋ ಮುಂದ ಹೋಗಿ ಸೇರ್ತಾಳ. ನಮ್ಮೂರಿಗೆ ಆಕಿ ಬರೂದಿಲ್ಲ, ಅದಕ್ಕ ನಾ ತಂದೆ” ಎಂದು ಅಕ್ಕ ನೀರನ್ನು ನೀರಿಗೆ ಸುರಿದರು.

ಅಂದು ಎಳ್ಳಮಾವಾಸ್ಯೆ. ಕೊಲ್ಹಾರದಲ್ಲಿ ಒಂದು ಗಡಿಗೆ ಗಟ್ಟಿ ಮೊಸರು ಕೊಂಡು ಮುಂದೆ ಹೋದರೆ ಮರವಿಲ್ಲದ ಕಪ್ಪು ನೆಲ, ತೆನೆ ಬಿಡುತ್ತಿದ್ದ ಬಿಳಿಜೋಳ, ಕಡಲೆ, ಅಂಚಿನಲ್ಲಿ ಆಕಾಶ. ಊರಿಗೆ ಊರೇ ಹೊಲದಲ್ಲಿತ್ತು. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲುತ್ತಿದ್ದರು. ನೋಡುತ್ತ ನಿಂತ ನಮ್ಮನ್ನು ಒಬ್ಬ ಹೆಣ್ಣುಮಗಳು ಕರೆದೇಬಿಟ್ಟಳು: “ಬರ್ರೀ ಅಕ್ಕಾರ, ಉಂಡ ಹೋಗ್ರಿ. ಇವತ್ತ ಹೊಲದಾಗಿಂದ ಯಾರೂ ಹಸದ ಹೋಗಬಾರದ್ರಿ.”

ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆ. ನಮ್ಮ ಮೊಸರಿನ ಗಡಿಗೆಯೂ ಪಂಕ್ತಿಗೆ ಸೇರಿತು. ಊರು ಯಾವುದೆಂದು ಕೇಳಿದಾಗ ಅಕ್ಕ ಭದ್ರಾವತಿ ಎನ್ನಲಿಲ್ಲ, ಮುಳುಗಿದ ಹಳ್ಳಿಯ ಹೆಸರು ಹೇಳಿದರು. ಆ ಮನೆಯ ಅತ್ತೆ, ಎಂಬತ್ತರ ಮುದುಕಿ, ತಟ್ಟನೆ ತಲೆಯೆತ್ತಿ, “ನಾನೂ ಮುಳುಗಡಿ ಊರಾಕೀನ ತಂಗಿ” ಎಂದರು. ಆಮೇಲೆ ಇಬ್ಬರ ಮಾತಿಗೆ ತಡೆಯೇ ಇಲ್ಲ. ಯಾವ ಗುಡಿ ಎಲ್ಲಿತ್ತು, ಯಾವ ಬಾವಿ ಸಿಹಿ, ಸಂತೆಗೆ ಹೋಗುವ ಹಾದಿ ಯಾವುದು! “ಈಗಿನ ಊರು ಹೊಂದಿತೇನ್ರೀ?” ಎಂದು ಅಕ್ಕ ಕೇಳಿದ್ದಕ್ಕೆ ಮುದುಕಿ, “ಒಲಿ ಹೂಡಿದಲ್ಲೆ ಊರವ್ವಾ. ಆದ್ರ ಒಲಿ ನಮ್ದಿರಬೇಕು” ಎಂದರು.

ವಿಜಯಪುರದಲ್ಲಿ 1656ರ ಗೋಳಗುಮ್ಮಟ ಹತ್ತಿದೆವು, ಪಿಸುಮಾತು ಗೋಡೆಯುದ್ದಕ್ಕೂ ಓಡುವುದನ್ನು ಕೇಳಿ ಮಕ್ಕಳಂತೆ ಕುಣಿದೆವು. ಅಕ್ಕ ಮಾತ್ರ ಅಲ್ಲಿ ಏನೂ ಕೂಗಲಿಲ್ಲ.

ಮಂಗಳವಾರ ಹಿಂತಿರುಗುವಾಗ ವ್ಯಾನಿನಲ್ಲೇ ಮಗನಿಗೆ ಫೋನು ಮಾಡಿದರು. “ಬೇಸಿಗೆಗೆ ಬಂದು ಒಂದು ತಿಂಗಳು ಇರ್ತೀನಪ್ಪಾ. ಮನೆ ಮಾರೋ ಮಾತು ಬೇಡ. ಸುಣ್ಣ ಬಳಿಯೋಕೆ ಆಳು ಹೇಳಿದ್ದೀನಿ.” ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಅಕ್ಕ ಫೋನನ್ನು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿ, “ಕರದಂಟು ಉಳಿದದ ಏನ್ರೇ?” ಎಂದರು.